ಅಡ್ಡಕಡ್ಡಿಯ ಕೆಳಗೆ ಇಳಿಯದ ಹೆಂಡ

ನವೆಂಬರ್ ೧೮, ಡಾಕ್ ಲಾಕ್ ಕಾಫಿ ಸೀಮೆ

ಗುಡ್ಡದ ಹಟ್ಟಿಯ ಹ್ಲಿಮ್ ಅಜ್ಜಿ ಕೊನೆಗೆ ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ.

ನಾನು "ಈ ಸಲದ ಕಾಫಿ ನಮ್ ಕಂಪನಿಗೇ ಕೊಡಿ, ನಾವೆಲ್ಲ ಒಂದೇ ಮನೆಯವ್ರು" ಎಂದು ಅವಳ ಹಟ್ಟಿಯ ಬೆಳೆಗಾರರ ಮುಂದೆ ಭಾಷಣ ಬಿಗಿದೆ. ಆಮೇಲೆ ಎಲ್ಲರೂ ಒಂದೇ ಕೊಳವೆಯಲ್ಲಿ ಹೀರುವ ಅಕ್ಕಿಹೆಂಡದ ಜಾಡಿ ನನ್ನ ಮುಂದೆ ಬಂತು. ಎಂಜಲೆಂದು ಹೇಸಿ, ಕೊಳವೆಗೆ ತುಟಿಯಷ್ಟೇ ತಾಗಿಸಿ ಕುಡಿದಂತೆ ನಟಿಸಿದೆ. ಜಾಡಿಯ ಬಾಯಿಗೆ ಅಡ್ಡವಿಟ್ಟ ಕಡ್ಡಿಗಿಂತ ಹೆಂಡ ಕೆಳಗಿಳಿದರೆ ಮಾತ್ರ ಕುಡಿದ ಲೆಕ್ಕ. ಅದನ್ನು ಮರೆತೇಬಿಟ್ಟಿದ್ದೆ, ದಡ್ಡ.

ಅಜ್ಜಿ ಕಡ್ಡಿ ನೋಡಿದಳು, ನನ್ನ ಮುಖ ನೋಡಿದಳು. ಬೇರೆಯವರು ಇತ್ತ ತಿರುಗುವ ಮೊದಲೇ ನನ್ನ ಪಾಲನ್ನು ತಾನೇ ಹೀರಿ, "ನೋಡ್ರೋ, ಪೇಟೆ ಹುಡ್ಗ ಹೆಂಗ್ ಇಳಿಸ್ಬಿಟ್ಟ!" ಎಂದಳು. ಎಲ್ಲರೂ ನಕ್ಕು, ಕಾಫಿ ನಿಮಗೇ ಎಂದರು.

ಹೊರಡುವಾಗ ಮೆಟ್ಟಿಲ ಬಳಿ ಮೆಲ್ಲಗೆ ಕೇಳಿದಳು: "ಬಾಯಿ ತೊಳ್ಕೊಳಕ್ಕೆ ನೀರು ಕೊಡ್ಲಾ ಮಗಾ?"

ಬೇಡವೆಂದೆ.

ಮನೆಗೆ ಬಂದವನೇ ತೊಳೆದುಕೊಂಡೆ.