ಕವಲೇದುರ್ಗದ ಬಿಸಿಲು

ತೀರ್ಥಹಳ್ಳಿ
೨೬-೮-೧೯೮೧, ಬುಧವಾರ

ಪ್ರೀತಿಯ ನಿಮಗೆ, ಜಲಜ ಮಾಡುವ ನಮಸ್ಕಾರಗಳು.

ಕಣ್ಣಿನ ನೋವು ಹೇಗಿದೆ? ಎರಡು ಕಣ್ಣಿಗೂ ಕಟ್ಟಿದ ಪಟ್ಟಿ ಬಿಚ್ಚುವವರೆಗೆ ತಲೆ ಅಲುಗಿಸಬಾರದೆಂದು ಡಾಕ್ಟರು ಹೇಳಿದ್ದಾರಂತೆ. ಮನೆಯಲ್ಲಿ ಒಂದು ಗಳಿಗೆ ಸುಮ್ಮನೆ ಕೂರದ ನೀವು ಮಂಗಳೂರಿನ ಆಸ್ಪತ್ರೆಯ ಆ ಸೆಕೆಯಲ್ಲಿ ಮಗ್ಗುಲೂ ಬದಲಿಸದೆ ಹೇಗೆ ಮಲಗಿದ್ದೀರೋ, ನೆನೆದರೆ ನನಗೇ ಕುತ್ತಿಗೆ ಹಿಡಿದಂತಾಗುತ್ತದೆ. ಗಂಜಿ ಬೇಡವೆಂದು ಹಟ ಮಾಡಬೇಡಿ. ಅತ್ತೆಯ ಜ್ವರ ಪೂರ್ತಿ ಬಿಟ್ಟಿದೆ. ನಿನ್ನೆ ತಾವೇ ಎದ್ದು ಕೆಸುವಿನ ಪತ್ರೊಡೆ ಮಾಡಿದರು, ಉಗಿಯಲ್ಲಿಡುವಾಗ ನಿಮ್ಮ ಹೆಸರು ಹೇಳಿ ಕಣ್ಣೊರೆಸಿಕೊಂಡರು. ಈ ಕಾಗದವನ್ನು ಶೇಷಪ್ಪ ನಿಮಗೆ ಓದಿ ಹೇಳಬೇಕು. ಶೇಷಪ್ಪ, ಅಣ್ಣನಿಗೆ ಬೇಸರವಾದೀತೆಂದು ಯಾವ ಸಾಲನ್ನೂ ಹಾರಿಸಬೇಡ. ನನ್ನ ಮೇಲೆ ನಿನಗೆ ಸಿಟ್ಟು ಬಂದರೂ ನಿಲ್ಲಿಸದೆ ಓದು.

ಸ್ಟುಡಿಯೋ ದಿನಾ ತೆಗೆಯುತ್ತಿದ್ದೇನೆ. ಸ್ಕೂಲಿನ ಪಾಸ್‌ಪೋರ್ಟ್ ಫೋಟೋಗಳೇ ಹೆಚ್ಚು. ಹೆಂಗಸರು ಈಗ ಧೈರ್ಯವಾಗಿ ಬರುತ್ತಾರೆ, ಕೂತು ಸೆರಗು ಸರಿಮಾಡಿಕೊಳ್ಳಲು ನಾಚುವುದಿಲ್ಲ. ಕ್ಯಾಮೆರಾಕ್ಕೆ ಬೂಷ್ಟು ಹಿಡಿಯದಂತೆ ನೀವು ಹೇಳಿದ ಹಾಗೆ ಬಲ್ಬು ಉರಿಯುವ ಬೆಚ್ಚನೆಯ ಪೆಟ್ಟಿಗೆಯಲ್ಲೇ ಇಡುತ್ತೇನೆ. ಕಳೆದ ವಾರವೂ ಅದನ್ನು ಅಲ್ಲೇ ಇಟ್ಟಿದ್ದರೆ ಈ ಕಾಗದ ಇಲ್ಲಿಗೇ ಮುಗಿಯುತ್ತಿತ್ತು.

ಆಪರೇಷನ್ನಿನ ದಿನ, ಕಳೆದ ಗುರುವಾರ, ನಾನು ಮಹಾಗಣಪತಿಯವರ ಔಷಧಿ ಅಂಗಡಿಯಲ್ಲಿ ಫೋನಿನ ಪಕ್ಕವೇ ಕೂತಿರುತ್ತೇನೆಂದು ನಿಮಗೆ ಮಾತು ಕೊಟ್ಟಿದ್ದೆ. ಮರುದಿನ ಶೇಷಪ್ಪ ಮತ್ತೆ ಫೋನ್ ಮಾಡಿದಾಗ, ಅತ್ತೆಗೆ ಜ್ವರ ಏರಿತ್ತು, ಮನೆ ಬಿಟ್ಟು ಬರಲಾಗಲಿಲ್ಲ ಎಂದೆ. ಅದು ಸುಳ್ಳು. ಜ್ವರ ಆಪರೇಷನ್ನಿನ ಹಿಂದಿನ ದಿನವೇ ಇಳಿದಿತ್ತು. ನಾನು ಕವಲೇದುರ್ಗದ ಕೋಟೆಯ ಮೇಲಿದ್ದೆ.

ಅವತ್ತು ಬೆಳಿಗ್ಗೆ, ವಾರದಿಂದ ಹಿಡಿದ ಮಳೆ ನಿಂತು ಒಮ್ಮೆಗೇ ಹೊಳವಾಯಿತು. ಅಂಗಳಕ್ಕೆ ಬಂದು ನೋಡಿದರೆ ಪಶ್ಚಿಮದ ಮೋಡದ ಅಡಿಯಲ್ಲಿ ಬೆಳ್ಳಗೆ ಒಂದು ಗೆರೆ. ಅಂಥ ಗೆರೆ ಕಂಡಾಗಲೆಲ್ಲ ನೀವು ತಟ್ಟೆಯ ಮುಂದಿನಿಂದ ಎದ್ದು ಹೋಗುತ್ತಿದ್ದಿರಿ. ಹಿಂದೆ ತುಮರಿಯ ಲಾಂಚಿನ ಮಂಜಿಗಾಗಿ ಸಾಗರದ ಬಸ್ಸು ಹಿಡಿದದ್ದು, ವರದಮೂಲದ ಕೊಳಕ್ಕಾಗಿ ಹೋಗಿ ಜ್ವರ ಹಿಡಿಸಿಕೊಂಡು ಬಂದದ್ದು ಎಲ್ಲ ನನಗೆ ಗೊತ್ತು. ಆದರೆ ಪ್ರತಿ ಶ್ರಾವಣದಲ್ಲೂ ನಿಮ್ಮನ್ನು ಕುಣಿಸಿದ್ದು ಕವಲೇದುರ್ಗವೇ. ಮಳೆ ಸುರಿಯುತ್ತಿರುವಾಗಲೇ ಬಿಸಿಲು ಬೀಳಬೇಕು, ಒದ್ದೆ ಕೋಟೆಗೋಡೆ ಹೊಳೆಯಬೇಕು, ಹಿಂದಿನ ಬೆಟ್ಟಗಳು ಕಪ್ಪಗೇ ಇರಬೇಕು ಎಂದು ಹೇಳುತ್ತಿದ್ದಿರಿ. ಪ್ರತಿ ಸಲ ಬರೀ ಮಂಜು ಹಿಡಿದುಕೊಂಡು ಬಂದಿರಿ. ಆ ಫಿಲ್ಮುಗಳನ್ನೆಲ್ಲ ಕತ್ತಲೆ ಕೋಣೆಯಲ್ಲಿ ತೊಳೆದವಳು ನಾನು. ನೀವು ಎಲ್ಲಿ ನಿಂತಿದ್ದಿರಿ, ಎಲ್ಲಿ ಅವಸರ ಮಾಡಿದಿರಿ, ಎಲ್ಲಿ ಬೆಳಕು ಬರುವ ಮೊದಲೇ ಫಿಲ್ಮು ಮುಗಿದುಹೋಯಿತು, ಎಲ್ಲ ನನ್ನ ಕಣ್ಣಿಗೆ ಕಟ್ಟಿದೆ.

ನಿಮಗಾಗಿ ತೆಗೆದುಕೊಂಡು ಬರುತ್ತೇನೆ, ಪಟ್ಟಿ ಬಿಚ್ಚಿದ ದಿನ ಮೊದಲು ಅದನ್ನೇ ತೋರಿಸುತ್ತೇನೆ ಎಂದುಕೊಂಡೆ. ಆಪರೇಷನ್ ಸಂಜೆಗೆ ಎಂದಿದ್ದರಲ್ಲ, ಮಧ್ಯಾಹ್ನದ ಬಸ್ಸಿಗೆ ವಾಪಸಾದರೆ ಆಯಿತು ಎಂದು ಲೆಕ್ಕ ಹಾಕಿದೆ. ಅತ್ತೆಯನ್ನು ಕೇಳಿದಾಗ ಅವರು ಬೇಡವೆನ್ನುತ್ತಾರೆ ಎಂದೇ ಒಳಗೊಳಗೆ ಕಾದಿದ್ದೆ. ಅವರು ಮಾತ್ರ, "ಹೋಗಿ ಬಾ. ಅವನು ಹೋಗುವಾಗ ನಿನ್ನ ಕೇಳಿ ಹೋಗ್ತಿದ್ನಾ?" ಎಂದರು. ಅತ್ತೆಯ ಮೇಲೆ ತಪ್ಪು ಹೊರಿಸುತ್ತಿಲ್ಲ, ನಡೆದದ್ದು ನಡೆದ ಹಾಗೆ ಬರೆಯುತ್ತಿದ್ದೇನೆ.

ದುರ್ಗದ ಕೆಳಗಿನ ಊರಿನಲ್ಲಿ ನೀವು ಯಾವಾಗಲೂ ನೀರು ಕುಡಿಯಲು ನಿಲ್ಲುವ ಬಂಗಾರಮ್ಮನ ಮನೆಗೆ ಹೋದೆ. ಗದ್ದೆಯಿಂದ ಆಗಷ್ಟೇ ಬಂದಿದ್ದಳು. ನಿಮ್ಮ ವಿಚಾರ ಕೇಳಿ, ನನ್ನ ಹೆಗಲಿನ ಕ್ಯಾಮೆರಾ ನೋಡಿ, "ಗಂಡ ಆಸ್ಪತ್ರೇಲಿ ಮಲಗಿರುವಾಗ ಫೋಟೋ ತೆಗಿಯಕ್ಕೆ ಬಂದೀಯಾ ಮಾರಾಯ್ತಿ?" ಎಂದಳು. ಅವರಿಗೋಸ್ಕರವೇ ಬಂದದ್ದು ಎಂದೆ. ಅವಳು ದೊಡ್ಡ ಕೊಡೆ ತೆಗೆದುಕೊಂಡು ಜೊತೆಗೆ ಹೊರಟಳು. ಕಲ್ಲಿನ ದಾರಿ ಪಾಚಿ ಹಿಡಿದು ಜಾರುತ್ತಿತ್ತು. ಮೇಲೆ ಮುಟ್ಟುವ ಹೊತ್ತಿಗೆ ಬೆಳಗಿನ ಹೊಳವೆಲ್ಲ ಮುಚ್ಚಿಹೋಗಿ ಮತ್ತೆ ಮಳೆ, ಮಳೆಯ ಹಿಂದೆ ಮಂಜು. ಮೇಲಿನ ಪುಟ್ಟ ಗುಡಿಯ ಜಗುಲಿಯಲ್ಲಿ ಕೂತೆವು. ಕೈ ಚಾಚಿದರೆ ಕೈ ಕಾಣದು. ಬಂಗಾರಮ್ಮ ಗದ್ದೆಯ ಕಳೆಯ ವಿಷಯ, ಮಗಳ ಬಾಣಂತನದ ವಿಷಯ ಎಲ್ಲ ಹೇಳಿ ಮುಗಿಸಿದಳು. ಬಿಸಿಲು ಬರಲೇ ಇಲ್ಲ.

ಆಮೇಲೆ ಅವಳೇ ನೆನಪಿಸಿದಳು: "ಬಸ್ಸಿನ ಹೊತ್ತಾತು. ಈಗ ಇಳಿದ್ರೆ ಸಿಕ್ಕುತ್ತೆ, ಇಲ್ದಿದ್ರೆ ಸಂಜೆದೇ ಗತಿ." ನನಗೆ ಚೆನ್ನಾಗಿ ಕೇಳಿಸಿತು. ಇನ್ನು ಸ್ವಲ್ಪ ನೋಡೋಣ ಎಂದೆ. ಗೊತ್ತಿಲ್ಲದೆ ಬಸ್ಸು ತಪ್ಪಿತೆಂದು ಬರೆದುಬಿಡಬಹುದಿತ್ತು. ಗೊತ್ತಿದ್ದೇ ಬಿಟ್ಟೆ.

ಎಷ್ಟೋ ಹೊತ್ತಿನ ಮೇಲೆ ಗಾಳಿ ತಿರುಗಿತು. ಮೊದಲು ಕೆಳಗಿನ ಗದ್ದೆಯ ಒಂದು ತುಂಡು ಮಾತ್ರ ಹಸಿರಾಗಿ ಹೊತ್ತಿಕೊಂಡಿತು. ಆ ಬಿಸಿಲು ಮೆಲ್ಲಗೆ ಗುಡ್ಡ ಹತ್ತಿ ನಮ್ಮ ಕಡೆಗೇ ಬಂತು. ಕೋಟೆಗೋಡೆಯ ಒಂದೊಂದು ಕಲ್ಲೂ ಆಗತಾನೆ ಎಣ್ಣೆ ಹಚ್ಚಿದ ಹಾಗೆ ಮಿಂಚಿತು. ಹಿಂದೆ ಬೆಟ್ಟಗಳು ಕಪ್ಪಗೆ ಹಾಗೇ ನಿಂತಿದ್ದವು, ಎಡಕ್ಕೆ ಮಳೆ ಬೆಳ್ಳಿ ಎಳೆಯಂತೆ ಓರೆಯಾಗಿ ಬೀಳುತ್ತಿತ್ತು. ಬೆಳಕಿನ ಮೀಟರಿನ ಮುಳ್ಳು ಒಂದು ಕಡೆ ನಿಲ್ಲದು, ನೋಡುತ್ತ ಕೂರಲು ಸಮಯವೂ ಇರಲಿಲ್ಲ. ಅಂದಾಜಿನ ಮೇಲೆ ಲೆನ್ಸು ತಿರುಗಿಸಿದೆ, ಒತ್ತಿದೆ. ಬಂಗಾರಮ್ಮ ಲೆನ್ಸಿಗೆ ಹನಿ ಬೀಳದಂತೆ ಕೊಡೆ ಹಿಡಿದು ತಾನು ನೆನೆಯುತ್ತ ನಿಂತಳು. ಫಿಲ್ಮು ಮುಗಿಯುವವರೆಗೂ ತೆಗೆದೆ. ಮುಗಿದ ಮೇಲೆ ನಗು ಬಂತು. ಮದುವೆಯಾದ ಮೇಲೆ ಹಾಗೆ ನಕ್ಕದ್ದು ನೆನಪಿಲ್ಲ. "ಎಂತ ನಗದು ನೀನು?" ಎಂದು ಅವಳು ಕೇಳಿದಳು.

ಇದನ್ನೂ ಬರೆಯಬೇಕು. ಆ ಹೊತ್ತಿನಲ್ಲಿ ನನಗೆ ನಿಮ್ಮ ನೆನಪೇ ಇರಲಿಲ್ಲ. ನಿಮ್ಮ ಕಣ್ಣಿನದೂ ಇಲ್ಲ, ಫೋನಿನದೂ ಇಲ್ಲ. ನಿಮಗಾಗಿ ಹತ್ತಿದವಳು ಮೇಲೆ ನಿಮ್ಮನ್ನು ಪೂರ್ತಿ ಮರೆತಿದ್ದೆ. ಇಳಿಯುವಾಗ ಅರ್ಧ ದಾರಿಯಲ್ಲಿ ನೆನಪಾಗಿ, ಜಾರುವ ಕಲ್ಲಿನ ಮೇಲೆ ಬಂಗಾರಮ್ಮನ ಹೆಗಲು ಹಿಡಿದು ಬೇಗ ಬೇಗ ಇಳಿದೆ.

ಸಂಜೆ ಬಸ್ಸಿಳಿದಾಗ ಮಹಾಗಣಪತಿಯವರು ಅಂಗಡಿಯ ಬಾಗಿಲಲ್ಲೇ ನಿಂತಿದ್ದರು. ಆಪರೇಷನ್ನನ್ನು ಮಧ್ಯಾಹ್ನಕ್ಕೇ ಇಟ್ಟುಕೊಂಡರಂತೆ, ಒಳಗೆ ಕರೆದುಕೊಂಡು ಹೋಗುವ ಮೊದಲು ನೀವು, "ಜಲಜ ಫೋನಿಗೆ ಬಂದ್ಲಾ?" ಎಂದು ಶೇಷಪ್ಪನನ್ನು ಮತ್ತೆ ಮತ್ತೆ ಕೇಳಿದಿರಂತೆ. ಅವರು ಕೂರಲು ಸ್ಟೂಲು ಕೊಟ್ಟರು. ಕೂರಲಾಗಲಿಲ್ಲ. ಬಲಗಣ್ಣು ಬರುವುದಿಲ್ಲ, ಎಡಗಣ್ಣಿನದು ಪಟ್ಟಿ ಬಿಚ್ಚಿದ ಮೇಲೇ ಹೇಳಬೇಕು ಎಂದು ಡಾಕ್ಟರು ನಿಮಗೇ ನೇರ ಹೇಳಿದರೆಂದು ಮರುದಿನ ಶೇಷಪ್ಪನಿಂದ ತಿಳಿಯಿತು. ಅದನ್ನು ಕೇಳಿಯೂ ನಾನು ಸುಳ್ಳು ಹೇಳಿದೆ.

ಫಿಲ್ಮನ್ನು ತೊಳೆಯುವುದೇ ಬೇಡವೆಂದು ಮೂಲೆಗಿಟ್ಟಿದ್ದೆ. ತಡೆಯಲಾರದೆ ಭಾನುವಾರ ತೊಳೆದೆ. ದೊಡ್ಡ ಕಾಗದದ ಮೇಲೆ ಪ್ರಿಂಟು ಹಾಕಿ ಡೆವಲಪರಿನ ತಟ್ಟೆ ಅಲುಗಿಸುತ್ತಿದ್ದಾಗ ಮೊದಲು ಬೆಟ್ಟ ಬಂತು, ಆಮೇಲೆ ಮಳೆ, ಕೊನೆಗೆ ಗೋಡೆ. ನೀವು ಹೇಳುತ್ತಿದ್ದ ಹಾಗೆಯೇ ಇದೆ. ಅತ್ತೆಗೆ ತೋರಿಸಿದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಇದು ಅವನದೇ. ಬೆಂಗಳೂರಿನ ಫೋಟೋ ಪ್ರದರ್ಶನಕ್ಕೆ ಅವನ ಹೆಸರಲ್ಲಿ ಕಳಿಸು" ಎಂದರು. ಅಲ್ಲಿಂದ ನಿಮ್ಮ ಫೋಟೋಗಳು ವರ್ಷವೂ ವಾಪಸು ಬಂದದ್ದು, ಬಂದ ದಿನ ನೀವು ಊಟ ಬಿಡುತ್ತಿದ್ದದ್ದು ಅವರಿಗೂ ಮರೆತಿಲ್ಲ. ಹಾಗೇ ಆಗಲಿ ಎಂದಿದ್ದೇನೆ.

ನಾಡಿದ್ದು ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ. ಅತ್ತೆಯ ಜೊತೆಗೆ ನನ್ನ ಅಕ್ಕ ಬಂದಿರುತ್ತಾಳೆ. ಪಟ್ಟಿ ಬಿಚ್ಚುವಾಗ ನಾನು ನಿಮ್ಮ ಪಕ್ಕದಲ್ಲಿರುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ, ಬಂದಾಗ ಮುಖ ತಿರುಗಿಸದಿದ್ದರೆ ಸಾಕು. ಅತ್ತೆಯ ಆಶೀರ್ವಾದ ನಿಮ್ಮಿಬ್ಬರಿಗೂ. ಶೇಷಪ್ಪ, ನೀನೂ ಹೊತ್ತಿಗೆ ಸರಿಯಾಗಿ ಉಣ್ಣು.

ನಿಮ್ಮ
ಜಲಜ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಟಪಾಲು ಕಟ್ಟುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತೇನೆ. ಫೋಟೋದ ಹಿಂದೆ ನಿಮ್ಮ ಹೆಸರು ಬರೆದೆ. ಆಮೇಲೆ ಅದನ್ನು ಹೊಡೆದುಹಾಕಿ ನನ್ನದು ಬರೆದೆ. ಅತ್ತೆಗೆ ಗೊತ್ತಿಲ್ಲ, ಬೆಂಗಳೂರಿಗೆ ಇನ್ನೂ ಕಳಿಸಿಲ್ಲ. ನಾನು ಬಂದಾಗ ನೀವು ಬೇಡವೆಂದರೆ ಮತ್ತೆ ನಿಮ್ಮ ಹೆಸರೇ ಬರೆಯುತ್ತೇನೆ, ಒಂದು ದಿನವೂ ಆ ಮಾತೆತ್ತುವುದಿಲ್ಲ. ಆದರೆ ಇನ್ನು ನಿಮಗೆ ಸುಳ್ಳು ಹೇಳಲಾರೆ. ನೀವು ಬೇಡವೆನ್ನದಿರಲಿ ಎಂದು ನನಗೆ ತುಂಬ ಆಸೆಯಿದೆ.