ಮನೆಯಲ್ಲಿ ಯಾರೂ ಇಲ್ಲದ ಬೀದಿಯಿಂದ

ಬಿರುಗಾಳಿ ಪರಿಹಾರ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಎಲ್ಲಕ್ಕಿಂತ ಮೊದಲು ತಿಳಿಸಬೇಕಾದ ವಿಷಯ: ನಾವಿದ್ದೇವೆ.

ಕಡಲಗೋಡೆಗೆ ಬೆನ್ನು ಕೊಟ್ಟು ನಿಂತ ನಮ್ಮ ಬೀದಿಯಲ್ಲಿ ಜನವಸತಿಯೇ ಇಲ್ಲವೆಂದು ತಮ್ಮ ಕಚೇರಿ ತೀರ್ಮಾನಿಸಿದೆ. ಆ ಕಾರಣಕ್ಕೆ, ಬಿದ್ದ ಕರೆಂಟ್ ಕಂಬಗಳನ್ನು ಎತ್ತಿ ನಿಲ್ಲಿಸುವುದನ್ನೂ ಒಡೆದ ನೀರಿನ ಪೈಪನ್ನು ಸರಿಪಡಿಸುವುದನ್ನೂ ಕೈಬಿಟ್ಟಿದೆ. ಈ ನೋಟಿಸನ್ನು ಬೀದಿಯ ತುದಿಯಲ್ಲಿ ನಾವೆಲ್ಲ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ಓದಿದೆವು. ಅದನ್ನು ಹಚ್ಚಲು ಬಂದ ತಮ್ಮ ಸಿಬ್ಬಂದಿಗೆ ಅಂಟು ಸಾಲದೆ ಬಂದಾಗ ನಮ್ಮ ಬೇಕರಿಯವನೇ ಮೈದಾ ಕುದಿಸಿ ಅಂಟು ಮಾಡಿಕೊಟ್ಟ. ಇಲ್ಲದ ಮನುಷ್ಯನೊಬ್ಬ, ಇಲ್ಲದ ಅಂಗಡಿಯಿಂದ, ತಾನು ಇಲ್ಲವೆಂಬ ಕಾಗದವನ್ನು ಅಂಟಿಸಲು ಅಂಟು ಕೊಟ್ಟ! ಇಂಥ ಸಹಕಾರ ತಮಗೆ ಜನ ಇರುವ ಬೀದಿಗಳಲ್ಲಿ ಸಿಕ್ಕೀತೇ?

ಇದನ್ನು ಓದಿ ನಮಗೆ ಸಿಟ್ಟು ಬರಬೇಕಿತ್ತು. ಆದರೆ ಅಂಥ ಬಿರುಗಾಳಿಯನ್ನು ದಾಟಿ ಎಲ್ಲರೂ ಕೈಕಾಲು ಸಮೇತ ಉಳಿದುಕೊಂಡವರಿಗೆ ಒಂದು ಬಗೆಯ ಹುಚ್ಚು ಸಂತೋಷ ಹಿಡಿದಿರುತ್ತದೆ; ಏನು ಕಂಡರೂ ನಗು. ನಕ್ಕೆವು. ನಕ್ಕು ಮುಗಿದ ಮೇಲೆ ದರ್ಜಿ ಅಕ್ಕನ ಮನೆಯೊಳಗಿಂದ ಕೂಸಿನ ಅಳು ಕೇಳಿಸಿತು. ಆ ಮನೆಯಲ್ಲೊಬ್ಬಳು ಹಸಿ ಬಾಣಂತಿ ಇದ್ದಾಳೆ. ಅವಳ ಸ್ನಾನಕ್ಕೆ, ಕೂಸಿನ ಬಟ್ಟೆಗೆ, ಕುಡಿಯುವುದಕ್ಕೆ, ಒಂದೊಂದು ಕೊಡ ನೀರನ್ನೂ ಮುಖ್ಯರಸ್ತೆಯಿಂದ ಬಿದ್ದ ಮರಗಳನ್ನು ಹತ್ತಿ ಇಳಿದು ತರುತ್ತಿದ್ದೇವೆ. ಕತ್ತಲಾದರೆ ಮೇಣದಬತ್ತಿಯೇ ಗತಿ. ನಾನು ಬರೆಯುತ್ತಿರುವುದು ಈ ಬಾಣಂತಿಗೆ ನೀರು, ಬೆಳಕು ಬೇಕೆಂದು. ನಾವಿದ್ದೇವೋ ಇಲ್ಲವೋ ಎಂಬ ತತ್ವಜಿಜ್ಞಾಸೆಯನ್ನು ಪುರುಸೊತ್ತಾಗಿ ಮಾಡೋಣ.

ಹಾಗಾದರೆ ಇಡೀ ಬೀದಿ ಇಲ್ಲವಾದದ್ದು ಹೇಗೆ? ಹೇಳುತ್ತೇನೆ, ಕೇಳಿ.

ಬಿರುಗಾಳಿಯ ಹಿಂದಿನ ದಿನ ತಮ್ಮ ಮೈಕಿನ ವಾಹನ ಬಂದು, "ಗಾಳಿ ನಿಂತ ಮೇಲೆ ಎಲ್ಲರೂ ತಮ್ಮ ತಮ್ಮ ಮನೆಗಳಲ್ಲೇ ಇರತಕ್ಕದ್ದು, ಪರಿಶೀಲಕರು ಬಂದು ಕ್ಷೇಮ ವಿಚಾರಿಸುತ್ತಾರೆ" ಎಂದು ಸಾರಿ ಹೋಯಿತು. ಒಳ್ಳೆಯ ಮಾತು. ಆದರೆ ಬೆಳಕು ಹರಿದು ಗಾಳಿ ನಿಂತಾಗ ಫೋನುಗಳೆಲ್ಲ ಸತ್ತಿದ್ದವು, ದರ್ಜಿ ಅಕ್ಕನ ಮಾಡಿನ ಒಂದು ತಗಡು ಹಾರಿ ಬಂದು ನಮ್ಮ ಅಂಗಳದಲ್ಲಿ ಮಲಗಿತ್ತು. ನಾನು ಸೈಕಲ್ ಅಂಗಡಿಯವನು, ನನ್ನ ಹೆಂಡತಿ ಹೆರಿಗೆ ವಾರ್ಡಿನ ನರ್ಸು. ಅವಳಿಗೆ ತಡೆಯಲಿಲ್ಲ.

"ಅಲ್ರೀ, ಅಕ್ಕನ ಮಗಳಿಗೆ ಇವತ್ತೋ ನಾಳೆಯೋ ಅನ್ನೋ ಹಾಗಿದೆ. ಅವರ ಸೂರು ಇಲ್ಲಿ ಬಂದು ಬಿದ್ದಿದೆ. ನೀವು ಚಪ್ಪಲಿ ಹುಡುಕ್ತಾ ಕೂತಿದ್ದೀರಲ್ಲ!"

"ಒಂದು ಕಾಲಿಂದು ಸಿಕ್ತು ಕಣೇ."

"ಒಂದೇ ಕಾಲಲ್ಲಿ ಕುಂಟ್ಕೊಂಡು ಬನ್ನಿ!"

ಅವಳು ಮುಂದಿನ ಬಾಗಿಲಿಂದ ಓಡಿದಳು. ನಾನು ತಗಡನ್ನು ತಲೆಯ ಮೇಲೆ ಹೊತ್ತು ಹಿತ್ತಲ ಓಣಿಯಿಂದ ಹೊರಟೆ. ಅಕ್ಕನ ಬಾಗಿಲಲ್ಲಿ ನಿಂತು ಎಷ್ಟು ಕೂಗಿದರೂ ಒಳಗೆ ನರಪಿಳ್ಳೆಯಿಲ್ಲ. ಅಸಲಿಗೆ ಅಕ್ಕ, ಬೇಕರಿಯ ಹೊಗೆಕೊಳವೆ ಮುರಿದದ್ದನ್ನು ಕಂಡು, ಅದು ಅಜ್ಜಿಯ ಮೇಲೆ ಬಿದ್ದಿತೋ ಏನೋ ಎಂದು ಮಗಳನ್ನೂ ಮೆಲ್ಲಗೆ ನಡೆಸಿಕೊಂಡು ಬೇಕರಿಗೆ ಹೋಗಿದ್ದಳು. ಅಜ್ಜಿಯೆಂದರೆ ಬೇಕರಿಯವನ ತಾಯಿ. ಅಜ್ಜಿಯೂ ಅಲ್ಲಿರಲಿಲ್ಲ. "ನನ್ನನ್ನ ಹೊತ್ಕೊಂಡಾದ್ರೂ ಹೋಗೋ, ದೋಣಿ ಮೆಕ್ಯಾನಿಕ್ಕಿನ ಮನೆ ಕಡಲಿಗೆ ಹತ್ರ" ಎಂದು ಮಗನ ಬೆನ್ನೇರಿ ಹೋಗಿತ್ತು. ಮೆಕ್ಯಾನಿಕ್ ಅಲ್ಲಿದ್ದನೇ? ಅವನು ನಮ್ಮ ಮನೆಯ ಹೆಂಚು ಹಾರಿದೆಯೆಂದು ಹೆದರಿ ನಮ್ಮ ಮಾಡು ಹತ್ತಿ ಕೂತಿದ್ದ. ಒಟ್ಟಿನಲ್ಲಿ ಬೀದಿಯ ಪ್ರತಿಯೊಬ್ಬರೂ ಇನ್ನೊಬ್ಬರ ಖಾಲಿ ಮನೆಯ ಮುಂದೆ ನಿಂತು ಬಾಯಿ ಬಡಿದುಕೊಳ್ಳುತ್ತಿದ್ದೆವು.

ಸರಿಯಾಗಿ ಆ ಹೊತ್ತಿಗೆ ತಮ್ಮ ಪರಿಶೀಲಕರು ಬಂದರು. ಅವರ ಸಮಯಪಾಲನೆಗೆ ನನ್ನ ತಕರಾರಿಲ್ಲ. ಅಕ್ಕನ ಬಾಗಿಲಲ್ಲಿ ನನ್ನನ್ನು ಕಂಡು ಅವರು ಕೇಳಿದರು.

"ನೀವು ಈ ಮನೆಯವರಾ?"

"ಅಲ್ಲ ಸರ್. ಈ ಮನೆಯವರೇ ಕಾಣಿಸ್ತಿಲ್ಲ!"

ನಮ್ಮ ಮನೆಗೆ ಹೋದರು. ಮಾಡಿನ ಮೇಲಿದ್ದ ಮೆಕ್ಯಾನಿಕ್ ಸಾಕ್ಷಿ ನುಡಿದ. "ಕೂಗಿ ಕೂಗಿ ಗಂಟಲು ಬಿತ್ತು ಸರ್. ಗಾಳಿಗೆ ಹಾರಿ ಹೋದ್ರೋ ಏನೋ. ಸೈಕಲ್ ಅಂಗಡಿಯವನು ಬಿಡಿ, ಸಣಕಲ, ಹಾರಿರಬಹುದು. ಆದ್ರೆ ನರ್ಸಮ್ಮ ಹಾರೋ ಆಳಲ್ಲ!"

ಹೀಗೆ ಒಂದೊಂದು ಮನೆಯೂ ಖಾಲಿಯೆಂದು ಅದರ ನೆರೆಯವರೇ ಕಣ್ಣೀರಿಟ್ಟು ಸಾಕ್ಷಿ ಹೇಳಿದರು. ಇದಕ್ಕಿಂತ ಗಟ್ಟಿ ಪುರಾವೆ ಯಾವ ಇಲಾಖೆಗೆ ಸಿಕ್ಕಿದೆ?

ಪರಿಶೀಲಕರು ಅತ್ತ ಹೋದರು, ನಾವು ಇತ್ತ ಬೀದಿಯ ತಿರುವಿನಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದೆವು. ಆಮೇಲಿನದನ್ನು ಬರೆಯಲು ಮಾತು ಸಾಲದು. ಅಪ್ಪಿಕೊಂಡವರೆಷ್ಟು, ಬೆನ್ನಿಗೆ ಗುದ್ದಿದವರೆಷ್ಟು! ಮಗನ ಬೆನ್ನ ಮೇಲಿಂದಲೇ ಅಜ್ಜಿ ಮೆಕ್ಯಾನಿಕ್ಕಿನ ಕಿವಿ ಹಿಡಿಯಿತು. "ಸತ್ತೇ ಹೋದೆ ಅಂತ ಅತ್ತುಕೊಂಡು ಬಂದೆನಲ್ಲೋ ಕತ್ತೆ, ಇಲ್ಲಿ ಹಲ್ಲು ಕಿರೀತಿದ್ದೀಯಾ?"

"ಕಿವಿ ಬಿಡಜ್ಜಿ, ಗಾಳಿಗೂ ಕಿತ್ತು ಹೋಗ್ಲಿಲ್ಲ, ನೀನು ಕೀಳ್ತೀಯ!"

ಆ ನಗುವಿನ ನಡುವೆ ಅಕ್ಕನ ಮಗಳು ಗೋಡೆ ಹಿಡಿದು ಬಗ್ಗಿದಳು. ನನ್ನ ಹೆಂಡತಿ ಅವಳ ಮುಖ ನೋಡಿದಳು, ಅಷ್ಟೇ. "ನಡೀರಿ" ಎಂದಳು. ಆಸ್ಪತ್ರೆಯ ದಾರಿಗೆ ಮರಗಳು ಅಡ್ಡ ಬಿದ್ದಿದ್ದವು. ಅಕ್ಕನ ಮನೆಯಲ್ಲೇ ಆಗಬೇಕು, ಬೇರೆ ದಾರಿಯಿರಲಿಲ್ಲ.

ತಮ್ಮ ನಿಯಮದಂತೆ ಪರಿಶೀಲಕರು ಮಧ್ಯಾಹ್ನ ಎರಡನೆಯ ಸಲ ಬಂದರು. ಆಗ ನಾವೆಲ್ಲಿದ್ದೆವು? ಎಲ್ಲರೂ ಅಕ್ಕನ ಮನೆಯಲ್ಲಿ. ಒಳಕೋಣೆಯಲ್ಲಿ ನನ್ನ ಹೆಂಡತಿ ಮತ್ತು ಅಕ್ಕ. ಬೇಕರಿಯವನು ತನ್ನ ಸೌದೆ ಒಲೆಯಲ್ಲಿ ನೀರು ಕಾಯಿಸಿ ತಂದು ತಂದು ಕೊಡುತ್ತಿದ್ದ. ಮಳೆ ಮತ್ತೆ ಹನಿಯತೊಡಗಿತ್ತು. ಹಾರಿಹೋದ ತಗಡನ್ನು ನಾನೂ ಮೆಕ್ಯಾನಿಕ್ಕೂ ಗೋಡೆಯ ಮೇಲೆ ನಿಂತು ಆ ಹೆಣ್ಣುಮಗಳ ತಲೆಯ ಮೇಲೆ ಕೈಯಲ್ಲೇ ಎತ್ತಿ ಹಿಡಿದಿದ್ದೆವು, ಇಬ್ಬರೂ ಆಕಾಶದ ಕಡೆ ಮುಖ ತಿರುಗಿಸಿಕೊಂಡು. ಹೊಸ್ತಿಲಲ್ಲಿ ಕೂತ ಅಜ್ಜಿ ಎಲ್ಲರಿಗೂ ಅಪ್ಪಣೆ ಕೊಡಿಸುತ್ತಿತ್ತು. ಬಾಗಿಲಲ್ಲಿ ನಿಂತ ಪರಿಶೀಲಕರಿಗೂ ಕೊಟ್ಟಿತು.

"ಯಾರಪ್ಪಾ ನೀನು? ಬಂದವನು ಕಂಬದ ಹಾಗೆ ನಿಲ್ಲಬೇಡ. ಹತ್ತಿ ಆ ತಗಡಿನ ಮೂಲೆ ಹಿಡ್ಕೋ."

ಅವರು ಹತ್ತಿದರು. ಹಿಡಿದರು. ಕೆಳಗಿನಿಂದ ಅಜ್ಜಿಯ ವಿಚಾರಣೆ ಶುರುವಾಯಿತು.

"ಮನೆಯಲ್ಲಿ ಯಾರ್ಯಾರಿದ್ದಾರಪ್ಪಾ?"

"ಅಮ್ಮ ಒಬ್ಬರೇ ಅಜ್ಜಿ. ಹೊಳೆಯ ಆಚೆ ದಡದಲ್ಲಿ."

"ಗಾಳಿಯಲ್ಲಿ ಹೇಗಾದರಂತೆ?"

"ಫೋನ್ ಸಿಗ್ತಿಲ್ಲ."

"ಹೋಗಿ ನೋಡಿಕೊಂಡು ಬರಲಿಲ್ವಾ?"

"ಡ್ಯೂಟಿ, ಅಜ್ಜಿ."

ಮೆಕ್ಯಾನಿಕ್ ತನ್ನ ಮೂಲೆಯನ್ನೂ ಪರಿಶೀಲಕರ ಕೈಗೆ ಕೊಟ್ಟು, "ಸರ್, ಅಲುಗಾಡಿಸಬೇಡಿ, ಮನೆ ಗುರುತು ಹೇಳಿ" ಎಂದ. ಕೇಳಿಕೊಂಡು ತನ್ನ ದೋಣಿ ಬಿಚ್ಚಿಕೊಂಡು ಹೊಳೆಯ ಕಡೆ ಹೋದ.

ಅವನು ಹಿಂದಿರುಗುವುದರೊಳಗೆ ಕೂಸು ಹುಟ್ಟಿತು. ಹೆಣ್ಣು. ಅದರ ಮೊದಲ ಅಳುವಿಗೆ ನಾವು ಎಷ್ಟು ಜೋರಾಗಿ ಕೇಕೆ ಹಾಕಿದೆವೆಂದರೆ ತಗಡು ಕೈಜಾರಿ ತಮ್ಮ ಪರಿಶೀಲಕರ ಟೋಪಿ ಚಪ್ಪಟೆಯಾಯಿತು. ಅವರೂ ನಗುತ್ತಿದ್ದರು. ಕಣ್ಣು ಮಾತ್ರ ಹೊಳೆಯ ಕಡೆಗಿತ್ತು. ಕೊನೆಗೆ ಮೆಕ್ಯಾನಿಕ್ ಬಂದ, ದೂರದಿಂದಲೇ ಕೂಗಿದ. "ಅಮ್ಮ ಕ್ಷೇಮ ಸರ್! ಬೈಗುಳ ಕಳಿಸಿದ್ದಾರೆ. ಊರವರ ಬಾಗಿಲೆಲ್ಲಾ ಬಡೀತಾನಂತೆ, ನನ್ನ ಬಾಗಿಲು ಬಡಿಯೋಕೆ ಪುರುಸೊತ್ತಿಲ್ವಂತೆ, ಬರಲಿ ಮನೆಗೆ, ಅಂತ!" ತಮ್ಮ ಪರಿಶೀಲಕರು ಗೋಡೆಯ ಮೇಲೆಯೇ ಕೂತು ಮುಖ ಮುಚ್ಚಿಕೊಂಡರು. ಬೈಗುಳ ಕೇಳಿ ಅಷ್ಟು ಸುಖಪಟ್ಟ ಇನ್ನೊಬ್ಬ ನೌಕರನನ್ನು ನಾನು ಕಂಡಿಲ್ಲ.

ಹೊರಡುವಾಗ ಅವರು ನನ್ನನ್ನು ಪಕ್ಕಕ್ಕೆ ಕರೆದರು. "ಅಣ್ಣಾ, ನಿಮ್ಮನ್ನೆಲ್ಲಾ ಕಣ್ಣಾರೆ ನೋಡಿದೆ. ಆದ್ರೆ ನಿಮ್ಮ ನಿಮ್ಮ ಮನೆಗಳಲ್ಲಿ ನೋಡಲಿಲ್ಲ. ಸ್ವಂತ ಮನೆಯಲ್ಲಿ ಸಿಕ್ಕಿದವರನ್ನ ಮಾತ್ರ ಲೆಕ್ಕಕ್ಕೆ ಹಿಡೀಬೇಕು ಅಂತ ರೂಲ್ಸು. ಮೇಲಿನವರಿಗೆ ಹೇಳಿ ನೋಡ್ತೀನಿ."

ಹೇಳಿ ನೋಡಿದ್ದಾರೆ, ಬಲ್ಲೆ. ಅವರ ಮೇಲೆ ಕ್ರಮ ಜರುಗಿಸುವ ಆಲೋಚನೆಯಿದ್ದರೆ ಅಜ್ಜಿಗೆ ತಮ್ಮ ಕಿವಿಯೂ ಎಟುಕೀತು, ಜೋಕೆ. ಮೇಲಿನವರು ಅಂದರೆ ತಾವು; ತಮ್ಮ ಲೆಕ್ಕ ಹೀಗಿದೆ. ನಮಗೆ ಮನೆಯಿದೆ, ಆದರೆ ನಾವು ಅದರಲ್ಲಿರಲಿಲ್ಲ, ಆದ್ದರಿಂದ ನಾವಿಲ್ಲ. ಅಕ್ಕ ಮತ್ತು ಮಗಳು ಮನೆಯಲ್ಲಿದ್ದರು, ಆದರೆ ಆ ಮನೆಗೆ ಪೂರ್ತಿ ಸೂರಿಲ್ಲ, ಸೂರಿಲ್ಲದ್ದು ಮನೆಯಲ್ಲ, ಆದ್ದರಿಂದ ಅವರೂ ಇಲ್ಲ. ಇನ್ನು ಉಳಿದದ್ದು ಕೂಸು. ತಮ್ಮ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿ, ಹುಟ್ಟಿದ ಗಳಿಗೆಯಿಂದ ಮನೆ ಬಿಟ್ಟು ಕದಲದ ಈ ಬೀದಿಯ ಏಕೈಕ ವಿಧೇಯ ಪ್ರಜೆ ಅವಳು. ಆದರೆ ಬಿರುಗಾಳಿಗೆ ಮುಂಚೆ ಅವಳಿರಲಿಲ್ಲವಾದ್ದರಿಂದ ಅವಳಿಗೆ ಪರಿಹಾರ ಅನ್ವಯಿಸುವುದಿಲ್ಲ! ನಮ್ಮಲ್ಲಿ ಜನವೇ ಇಲ್ಲವೆಂದು ತಾವು ಬರೆಸಿದ ದಿನ ನಮ್ಮ ಬೀದಿಯಲ್ಲಿ ಜನ ಹೆಚ್ಚಾಗಿದ್ದರು, ಸ್ವಾಮಿ.

ನಾನು ಸೈಕಲ್ ರಿಪೇರಿಯವನು, ಆಡಳಿತ ಬಲ್ಲವನಲ್ಲ. ಆದರೂ ಕೇಳುತ್ತೇನೆ. ಕ್ಷೇಮವೆಂದರೆ ಬಾಗಿಲು ಹಾಕಿಕೊಂಡು ತನ್ನ ಗೋಡೆಯೊಳಗೆ ಕೂರುವುದೇ? ಅವತ್ತು ನಾವೆಲ್ಲ ತಮ್ಮ ಮಾತು ಕೇಳಿ ಮನೆಯಲ್ಲೇ ಇದ್ದಿದ್ದರೆ ಆ ತಗಡನ್ನು ಯಾರು ಹಿಡಿಯುತ್ತಿದ್ದರು? ನೀರು ಯಾರು ಕಾಯಿಸುತ್ತಿದ್ದರು? ಪ್ರತಿ ಮನೆಯಲ್ಲೂ ಜನ ಇದ್ದಾರೆಂದು ತಾವು ಸಂತೋಷದಿಂದ ಬರೆದುಕೊಳ್ಳುತ್ತಿದ್ದಿರಿ, ಒಂದು ಮನೆಯಲ್ಲಿ ಮಾತ್ರ ಇಬ್ಬರು ಕಡಿಮೆಯಾಗಿರುತ್ತಿದ್ದರು.

ಆದ್ದರಿಂದ ನಮ್ಮ ಬೇಡಿಕೆ. ಮುರಿದ ಪೈಪಿಗೆ ತಕ್ಷಣ ಕೈ ಹಚ್ಚಿಸಿ, ಮೊದಲ ನೀರು ಬಾಣಂತಿಯ ಮನೆಗೆ ಬರಲಿ. ಕಂಬ ನಿಲ್ಲಿಸಿ, ಮೊದಲ ದೀಪ ಕೂಸಿನ ತೊಟ್ಟಿಲ ಮೇಲೆ ಉರಿಯಲಿ. ನಮ್ಮದು ಆಮೇಲೆ ಆದರೂ ಸರಿ. ಮುಂದೆ ಲೆಕ್ಕಕ್ಕೆ ಜನರನ್ನು ಕಳಿಸಿದಾಗ "ನೀವಿದ್ದೀರಾ?" ಎಂದು ಕೇಳಿಸಬೇಡಿ. "ಪಕ್ಕದವರು ಹೇಗಿದ್ದಾರೆ?" ಎಂದು ಕೇಳಿಸಿ. ಸತ್ಯ ತಾನಾಗಿ ಹೊರಬರುತ್ತದೆ, ಬೇಡದ್ದೂ ನಾಲ್ಕು ಬರುತ್ತದೆ.

ಕೊನೆಯದಾಗಿ ಒಂದು ಮಾತು. ಬಿರುಗಾಳಿಗೆ ತಮ್ಮ ಕಚೇರಿಯ ಕಿಟಕಿಗಳೆಲ್ಲ ಒಡೆದವೆಂದೂ, ತಾವು ಅಂದಿನಿಂದ ಮನೆಗೂ ಹೋಗದೆ ಕುರ್ಚಿಯಲ್ಲೇ ನಿದ್ದೆ ಮಾಡುತ್ತಿದ್ದೀರೆಂದೂ ಕೇಳಿದೆವು. "ನೀವು ಹೇಗಿದ್ದೀರಿ?" ಎಂದು ತಮ್ಮನ್ನು ಯಾರಾದರೂ ಕೇಳಿದರೇ? ಕೇಳಿರಲಾರರು. ಹಾಗಾಗಿ ಸೋಮವಾರ ಬೆಳಗ್ಗೆ, ಬಾಣಂತಿ ಮತ್ತು ಕೂಸನ್ನು ಅಕ್ಕನ ಬಳಿ ಬಿಟ್ಟು, ಉಳಿದ ಇಡೀ ಬೀದಿ ಬಿಸಿ ಬ್ರೆಡ್ಡು ಹಿಡಿದುಕೊಂಡು ತಮ್ಮನ್ನು ನೋಡಲು ಬರುತ್ತಿದ್ದೇವೆ. ಅಷ್ಟರಲ್ಲಿ ನೀರು ಬಂದಿದ್ದರೆ ಧನ್ಯವಾದ ಹೇಳುತ್ತೇವೆ, ಬಂದಿರದಿದ್ದರೆ ತಮ್ಮ ನಲ್ಲಿಯಿಂದ ಒಂದೊಂದು ಕೊಡ ತುಂಬಿಸಿಕೊಂಡು ಹೋಗುತ್ತೇವೆ. ತಾವು ಆಗ ಕುರ್ಚಿಯಲ್ಲಿ ಸಿಗದಿದ್ದರೆ, ಇಲ್ಲಿ ಅಧಿಕಾರಿಯೇ ಇಲ್ಲವೆಂದು ಬರೆದು ಹಿಂದಿರುಗುವ ಜನ ನಾವಲ್ಲ. ಪಕ್ಕದ ಕೋಣೆಯಲ್ಲಿ ಕೇಳುತ್ತೇವೆ, ಅದರಾಚೆಯದರಲ್ಲಿ ಕೇಳುತ್ತೇವೆ, ಮೆಟ್ಟಿಲ ಕೆಳಗೆ ಬಗ್ಗಿ ನೋಡುತ್ತೇವೆ. ತಾವು ಸಿಗುವ ತನಕ ಕೂಗುತ್ತಲೇ ಇರುತ್ತೇವೆ.

ಇಂತಿ,
ಏನಾದರೂ ಹೇಳುವುದಿದ್ದರೆ ಪಕ್ಕದ ಮನೆಯಲ್ಲಿ ವಿಚಾರಿಸಬೇಕಾದ,
ಕಡಲಗೋಡೆ ಬೀದಿಯ ಸೈಕಲ್ ಅಂಗಡಿಯವನು