ಟೆಲಿವಿಷನ್ ಫೀಸಿನ ಗೊತ್ತುವಳಿ

ಎರ್ಲಾಂಗೆನ್
೯ ನವೆಂಬರ್ ೧೯೭೩

ಹ್ಯಾಂಬರ್ಗಿನಲ್ಲಿರುವ ನನ್ನ ಮುದ್ದು ನಿರುಪಮಾಗೆ ಅಮ್ಮನ ಆಶೀರ್ವಾದ.

ಕನ್ನಡ ಓದೋಕೆ ತಡವಾಗುತ್ತೆ, ಜರ್ಮನ್‌ನಲ್ಲೇ ಬರಿ ಅಂತ ಹೋದ ಸಲ ನೀನು ಅಂದಿದ್ದೆ. ಅಂಗಡಿಗೆ, ಆಸ್ಪತ್ರೆಗೆ ನನ್ನ ಜರ್ಮನ್ ಸಾಕು ಕಣೆ. ಇದಕ್ಕೆ ಸಾಲದು. ನಿಧಾನವಾಗಿ ಓದು.

ನಿಮ್ಮಪ್ಪನ ಕಣ್ಣು ಹೋಗಿದೆ. ಮಬ್ಬು ಅಂತ ಗೊತ್ತಿತ್ತು. ಪುಸ್ತಕ ಬರೀತೀನಿ ಅಂತ ಯೂನಿವರ್ಸಿಟಿಗೆ ರಜೆ ಹಾಕಿ ಕೂತಾಗಲೇ ನನಗೆ ಅನುಮಾನ. ಪೂರ್ತಿ ಹೋಗಿದೆ ಅಂತ ತಿಳಿದಿದ್ದು ಮೊನ್ನೆ ಮಂಗಳವಾರ. ಅವರು ಹೇಳಲಿಲ್ಲ. ಹೇಳೋ ಜಾಯಮಾನವೇ ಅಲ್ಲ, ನಿನಗೇ ಗೊತ್ತಲ್ಲ.

ಅವತ್ತು ಸಂಜೆ ಟೆಲಿವಿಷನ್ನಿನಲ್ಲಿ ಪಾರ್ಲಿಮೆಂಟಿನ ಚರ್ಚೆ ಬರ್ತಾ ಇತ್ತು. ಮನೇಲಿ ಟೆಲಿವಿಷನ್ ಇಟ್ಟುಕೊಂಡಿದ್ದಕ್ಕೆ ತಿಂಗಳಾ ಕಟ್ಟೋ ಫೀಯನ್ನು ಕಣ್ಣಿಲ್ಲದವರಿಗೆ ಮಾಫಿ ಮಾಡಬೇಕು ಅಂತ ಯಾರೋ ಗೊತ್ತುವಳಿ ತಂದಿದ್ದರು. ಇನ್ನೊಬ್ಬ ಎದ್ದು, ನೋಡಲಾರದವನಿಗೆ ಟೆಲಿವಿಷನ್ ಯಾಕೆ ಬೇಕು ಅಂದ. ನಾಲ್ಕು ಜನ ನಕ್ಕರು. ನಿಮ್ಮಪ್ಪನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಕಣ್ಣಿಲ್ಲದವನು ಮನೆಯವರ ಜೊತೆ ಕೂತ್ಕೋಬಾರದೇನು ಅಂತ ಕೂಗಾಡಿದರು. ಅಷ್ಟರಲ್ಲಿ ನಮ್ಮ ಹಳೇ ಪೆಟ್ಟಿಗೆಯ ಚಿತ್ರ ಹಾರಿಹೋಯಿತು. ಪರದೆ ಕಪ್ಪಗಾಗಿ ಬರೀ ಮಾತು ಕೇಳ್ತಾ ಇತ್ತು. ಅದರ ತಲೆ ಮೇಲೆ ಒಂದು ಕುಟ್ಟೋಣ ಅಂತ ಏಳ್ತಾ ಇದ್ದೆ. ಅವರು ಕನ್ನಡಕ ಸರಿಮಾಡಿಕೊಂಡು, ನೋಡು ಸಾವಿತ್ರಿ, ಆ ದಪ್ಪಗಿನವನು ಹೇಗೆ ಕೈ ಬೀಸ್ತಾನೆ ಅಂದರು.

ನಾನು ಹಾಗೇ ಕೂತುಬಿಟ್ಟೆ. ಹೌದು ರೀ, ಬೀಸ್ತಾನೆ ಅಂದೆ.

ರಿಪೇರಿಯವನನ್ನು ಕರೆಸಿಲ್ಲ. ಕರೆಸಿದರೆ, ಚಿತ್ರ ಯಾವತ್ತಿಂದ ಇಲ್ಲ ಅಂತ ಇವರ ಮುಂದೆಯೇ ಕೇಳ್ತಾನೆ. ಅವತ್ತಿಂದ ದಿನಾ ಸಂಜೆ ಇಬ್ಬರೂ ಆ ಕಪ್ಪು ಪೆಟ್ಟಿಗೆ ಎದುರು ಕೂರ್ತೀವಿ. ಅವರು ಅದು ಇದು ತೋರಿಸ್ತಾರೆ, ನಾನು ನೋಡಿದೆ ಅಂತೀನಿ. ಇದೆಂಥ ಹುಚ್ಚು ಸಂಸಾರ ಅಂತ ನಗಬೇಡ. ಗೊತ್ತುವಳಿ ಪಾಸಾದರೆ, ಕಣ್ಣಿನ ಡಾಕ್ಟರ ಚೀಟಿ ಕೊಟ್ಟವರಿಗೆ ಫೀ ಇಲ್ಲವಂತೆ. ನಾವೂ ಅರ್ಜಿ ಹಾಕೋಣವೇ ಅಂತ ಮೆಲ್ಲಗೆ ಕೇಳಿದೆ. ಯಾರಿಗೋಸ್ಕರ ಅಂದರು.

ನನಗೆ ಆ ಫೀಸಿನ ಯೋಚನೆ ಇಲ್ಲ ನಿರೂ. ಆ ನೆಪದಲ್ಲಾದರೂ ಡಾಕ್ಟರ ಹತ್ತಿರ ಬರಲಿ ಅಂತಿದ್ದೆ. ನನ್ನ ಮಾತು ಕೇಳಲ್ಲ, ನಿನ್ನ ಮಾತಾದರೆ ಕೇಳ್ತಾರೆ. ನೀನು ಯೂರ್ಗನ್‌ನನ್ನು ಮದುವೆಯಾದಾಗ ಅವರೂ ಬರಲಿಲ್ಲ, ನನ್ನನ್ನೂ ಕಳಿಸಲಿಲ್ಲ. ಆ ನೋವು ಮರೆತುಬಿಡು ಅಂತ ಯಾವ ಬಾಯಲ್ಲಿ ಹೇಳಲಿ. ಆದರೂ ಕ್ರಿಸ್‌ಮಸ್ ರಜೆಗೆ ಬಾ. ಅವರು ಕರೆಯೋರಲ್ಲ. ನಾನು ಕರೀತಾ ಇದ್ದೀನಿ. ಒಬ್ಬಳೇ ಇದನ್ನು ಹೊತ್ತುಕೊಂಡಿರೋಕೆ ನನ್ನ ಕೈಲಿ ಆಗ್ತಿಲ್ಲ ಮಗಳೇ.

ನಿನ್ನ ದಾರಿ ನೋಡುತ್ತಿರುವ
ಅಮ್ಮ

ಇನ್ನೊಂದು ಮಾತು. ಮರೆತಿದ್ದಲ್ಲ, ಬರೆಯೋಕೆ ಧೈರ್ಯ ಬಂದಿರಲಿಲ್ಲ. ನಿನ್ನ ಮದುವೆಯ ಫೋಟೋ ಇವತ್ತು ಬೆಳಿಗ್ಗೆ ಟಪಾಲಿನಲ್ಲಿ ಬಂತು. ನಾನು ಹೇಳಿದ ಕೂಡಲೇ ನಿಮ್ಮಪ್ಪ ಕೈ ಚಾಚಿದರು, ಕೊಟ್ಟೆ. ಬಹಳ ಹೊತ್ತು ಮುಖದ ಹತ್ತಿರ ಹಿಡಿದುಕೊಂಡಿದ್ದರು. ಆಮೇಲೆ, ನಿರೂಗೆ ಸೀರೆ ಎಷ್ಟು ಒಪ್ಪುತ್ತೆ ನೋಡು ಅಂದರು. ನೀನು ಬಿಳೀ ಗೌನಿನಲ್ಲಿದ್ದೀಯ. ಹೌದು, ಒಪ್ಪುತ್ತೆ ಅಂದೆ. ಬರುವಾಗ ಸೀರೆ ಉಟ್ಟುಕೊಂಡು ಬಾ.